ಅಲಾಸ್ಕದ ಸ್ವಾಧೀನ ಕೊಟ್ಟ ಜಾಗ: ಸಿಟ್ಕಾದಲ್ಲಿ ಒಂದು ದಿನ

31 ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸ ಮಾಡಿದವಳು ನಾನು. ಮಲೆನಾಡಿನ ಮೂರು ತಾಲ್ಲೂಕು ಸುತ್ತಿದೆ. ಎಷ್ಟು ಸಾವಿರ ಕ್ರಯಪತ್ರ ನನ್ನ ಮೇಜಿನ ಮೇಲೆ ಹಾದುಹೋದವೋ ಲೆಕ್ಕ ಇಟ್ಟಿಲ್ಲ. ಸಿಯಾಟಲ್‌ನಲ್ಲಿರುವ ಮಗ ಈ ಸಲ ಅಲಾಸ್ಕದ ಹಡಗು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದ. ಮನೆಯವರೆಲ್ಲ ಹಿಮನದಿ, ತಿಮಿಂಗಿಲ ಅಂತ ಮಾತಾಡುತ್ತಿದ್ದರು. ನನಗೆ ನೋಡಬೇಕಾಗಿದ್ದು ಒಂದೇ ಊರು, ಸಿಟ್ಕಾ. ರಷ್ಯಾ ಅಲಾಸ್ಕವನ್ನು ಅಮೆರಿಕಕ್ಕೆ ಮಾರಿದ ಮೇಲೆ, 1867ರ ಅಕ್ಟೋಬರ್ 18ರಂದು ರಷ್ಯಾದ ಬಾವುಟ ಇಳಿದು ಅಮೆರಿಕದ ಬಾವುಟ ಏರಿದ್ದು ಅಲ್ಲೇ. ನಮ್ಮ ಆಫೀಸಿನ ಮಾತಲ್ಲಿ ಹೇಳುವುದಾದರೆ, ಅಲಾಸ್ಕದ ಸ್ವಾಧೀನ ಬಿಟ್ಟುಕೊಟ್ಟ ಜಾಗ.

ಅಲಾಸ್ಕಕ್ಕೆ ಹೋಗುವ ನಮ್ಮ ಜನ ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಸಿಟ್ಕಾದಲ್ಲಿ ಸಿಗುವುದು ಆರೇಳು ಗಂಟೆ. ಅದನ್ನು ಹೇಗೆ ಬಳಸಬೇಕು, ಎಲ್ಲಿ ದುಡ್ಡು ಹಾಕಬಾರದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಹಡಗುಗಳು ಊರಿಂದ ಐದಾರು ಮೈಲಿ ಉತ್ತರಕ್ಕೆ ನಿಲ್ಲುತ್ತವೆ. ಅಲ್ಲಿಂದ ಪೇಟೆಗೆ ಬಸ್ಸು ಇದೆ, ದುಡ್ಡು ಕೇಳಲಿಲ್ಲ. ನಾವು ಮಾತ್ರ ಯಜಮಾನರಿಗೆ ಮಂಡಿನೋವು ಅಂತ ಹಡಗಿನಲ್ಲೇ ಒಂದು ಪ್ರವಾಸ ಬುಕ್ ಮಾಡಿದ್ದೆವು. ಎರಡೂವರೆ ಗಂಟೆ, ಬಸ್ಸಿನಲ್ಲೇ ಎಲ್ಲ ತೋರಿಸುತ್ತಾರೆ, ಜೊತೆಗೆ ಗೈಡ್. ನಡೆಸುವವರ ಹೆಸರು ಬೇಡ. 5ಕ್ಕೆ 2 ಕೊಡುತ್ತೇನೆ. ಆ 2 ಕೂಡ ಬಸ್ಸು ಬೆಚ್ಚಗಿತ್ತು, ಡ್ರೈವರ್ ಯಜಮಾನರನ್ನು ಕೈ ಹಿಡಿದು ಇಳಿಸಿದರು ಅನ್ನುವುದಕ್ಕೆ.

ಯಾಕೆ 2 ಅಂತ ಹೇಳುತ್ತೇನೆ. ಗೈಡ್ ಹುಡುಗ ಒಳ್ಳೆಯವನೇ. ಆದರೆ ಅವನ ಇಡೀ ಕಥೆ ಬೆಲೆಯ ಸುತ್ತಲೇ ಸುತ್ತಿತು. 72 ಲಕ್ಷ ಡಾಲರಿಗೆ ಇಷ್ಟು ದೊಡ್ಡ ನೆಲ, ಎಕರೆಗೆ ಎರಡೇ ಸೆಂಟು, ಕೊಂಡ ವಿದೇಶಾಂಗ ಕಾರ್ಯದರ್ಶಿಯ ಹೆಸರು ಹಿಡಿದು ಆಗ ಕೆಲವರು ಇದನ್ನು 'ಸೀವರ್ಡ್‌ನ ಹುಚ್ಚು' ಅಂದರು, ಆಮೇಲೆ ಚಿನ್ನ ಸಿಕ್ಕಿತು, ಎಣ್ಣೆ ಸಿಕ್ಕಿತು, ಬೈದವರ ಬಾಯಿ ಮುಚ್ಚಿತು. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇದರಲ್ಲಿ ಸುಳ್ಳೇನಿಲ್ಲ. ಸುಮಾರು 15 ಲಕ್ಷ ಚದರ ಕಿಲೋಮೀಟರ್ ನೆಲ ಅದು. ನಮ್ಮ ಕರ್ನಾಟಕದಂಥ ಹೆಚ್ಚುಕಡಿಮೆ ಎಂಟು ರಾಜ್ಯ ಅದರೊಳಗೆ ಹಿಡಿಯುತ್ತವೆ. ಆದರೆ ಒಂದು ಜಮೀನಿನ ವ್ಯವಹಾರ ಅಂದ ಮೇಲೆ ಮೊದಲು ಕೇಳುವ ಮಾತು ಬೆಲೆ ಅಲ್ಲವಲ್ಲ. ಯಾರ ಜಮೀನು, ಮಾರುವವನಿಗೆ ಎಲ್ಲಿಂದ ಬಂತು, ಈಗ ಯಾರ ಅನುಭವದಲ್ಲಿದೆ? ಕೊಳ್ಳುವವರು ಕೇಳಬೇಕಾದದ್ದು ಇದನ್ನು. ಎರಡೂವರೆ ಗಂಟೆಯಲ್ಲಿ ಆ ಹುಡುಗ ಇದನ್ನು ಒಂದು ಸಲವೂ ಎತ್ತಲಿಲ್ಲ. ಇಲ್ಲಿಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಬಗ್ಗೆ 'ಭಾರಿ ಧೈರ್ಯದ ಹೋರಾಟಗಾರರು' ಅಂದು ಮುಂದಕ್ಕೆ ಹೋದ. ಹತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಈ ಕರಾವಳಿಯಲ್ಲಿ ಜನ ಇದ್ದಾರೆ. ಅವರಿಗೆ ಸಿಕ್ಕಿದ್ದು ಒಂದು ವಾಕ್ಯ.

ಹೊರಡುವ ಮೊದಲೇ ಮಗನಿಗೆ ಹೇಳಿ ಆ ಒಪ್ಪಂದದ ಪ್ರತಿ ಪ್ರಿಂಟ್ ಹಾಕಿಸಿಕೊಂಡಿದ್ದೆ. ಏಳೇ ಕಲಮು. ನಿಘಂಟು ಇಟ್ಟುಕೊಂಡು ಎರಡು ದಿನ ಓದಿದೆ. ಓದುತ್ತಾ ಹೋದಂತೆ ಹಳೇ ಕೆಲಸದ ಮೇಜಿಗೆ ವಾಪಸು ಬಂದ ಹಾಗಾಯಿತು. ಮೊದಲ ಕಲಮು ಪೂರ್ತಿ ಚಕ್ಕುಬಂದಿ. ಪೂರ್ವದ ಗಡಿಗೆ 1825ರಲ್ಲಿ ರಷ್ಯಾ ಮತ್ತು ಬ್ರಿಟನ್ ಮಾಡಿಕೊಂಡ ಒಪ್ಪಂದದ ಮಾತುಗಳನ್ನೇ ಎತ್ತಿ ಬರೆದಿದ್ದಾರೆ. ಪಶ್ಚಿಮದ ಗಡಿ ಬೇರಿಂಗ್ ಜಲಸಂಧಿಯಲ್ಲಿ ಎರಡು ಚಿಕ್ಕ ದ್ವೀಪಗಳ ನಡುವೆ ಹಾದುಹೋಗುತ್ತದೆ. ಆರನೇ ಕಲಮು ಕ್ರಯದ ಹಣ ಮತ್ತು ಋಣಭಾರ. ಮೊದಲು 70 ಲಕ್ಷಕ್ಕೆ ಮಾತಾಗಿತ್ತಂತೆ. ಯಾವ ಕಂಪನಿಯ ಹಕ್ಕಾಗಲಿ, ಯಾರ ಸ್ವತ್ತಿನ ತಕರಾರಾಗಲಿ ಇರಕೂಡದು, ಸ್ವಚ್ಛವಾಗಿ ಕೊಡಬೇಕು ಅಂತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ಪಟ್ಟು ಹಿಡಿದರು. ಅದಕ್ಕೇ 2 ಲಕ್ಷ ಜಾಸ್ತಿ ಸೇರಿಸಿದರು. ನಮ್ಮಲ್ಲಿ 'ಸದರಿ ಸ್ವತ್ತಿನ ಮೇಲೆ ಯಾವುದೇ ಋಣಭಾರ ಇರುವುದಿಲ್ಲ' ಅಂತ ಬರೆಸುತ್ತೇವಲ್ಲ, ಅದೇ ಸಾಲು. ಆ ಒಂದು ಸಾಲಿಗೆ 2 ಲಕ್ಷ ಡಾಲರ್.

ಸಹಿ ಬಿದ್ದದ್ದು 1867ರ ಮಾರ್ಚ್ 30ರ ಬೆಳಗಿನ ಜಾವ 4 ಗಂಟೆಗೆ, ವಾಷಿಂಗ್ಟನ್‌ನಲ್ಲಿ. ರಷ್ಯಾದ ಕಡೆಯಿಂದ ರಾಯಭಾರಿ ಎಡ್ವರ್ಡ್ ಡಿ ಸ್ಟೆಕ್ಲ್. ರಷ್ಯಾಕ್ಕೂ ಮಾರಲು ಕಾರಣಗಳಿದ್ದವು. ಕ್ರಿಮಿಯಾ ಯುದ್ಧ ಸೋತು ಖಜಾನೆ ಬರಿದಾಗಿತ್ತು. ತುಪ್ಪಳಕ್ಕಾಗಿ ಬೇಟೆಯಾಡಿ ಆಡಿ ಕಡಲ ನೀರುನಾಯಿಗಳು ಮುಗಿಯುತ್ತಾ ಬಂದಿದ್ದವು. ಮುಂದೆ ಯುದ್ಧವಾದರೆ ಪಕ್ಕದ ಕೆನಡಾದಲ್ಲಿ ಕೂತ ಬ್ರಿಟಿಷರು ಸುಮ್ನೆ ಕಿತ್ತುಕೊಂಡರೆ ಏನು ಗತಿ ಅನ್ನುವ ಭಯ ಇತ್ತು. ಸೆನೆಟ್ 37ಕ್ಕೆ 2 ಮತಗಳಿಂದ ಒಪ್ಪಿತು. ಆದರೆ ಹಣ ಮಂಜೂರು ಮಾಡಬೇಕಾದ ಕೆಳಮನೆ ವರ್ಷಕ್ಕೂ ಮೇಲೆ ಎಳೆದಾಡಿತು. 1868ರ ಜುಲೈ 14ರಂದು 113ಕ್ಕೆ 43 ಮತ ಬಿದ್ದು ಮಂಜೂರಾಯಿತು. ಚೆಕ್ಕಿನ ಮೇಲಿನ ತಾರೀಖು 1868ರ ಆಗಸ್ಟ್ 1.

ಇಲ್ಲಿ ನನ್ನ ಕಣ್ಣು ನಿಂತಿತು. ಸ್ವಾಧೀನ ಕೊಟ್ಟದ್ದು 1867ರ ಅಕ್ಟೋಬರ್. ಹಣ ಕೈಸೇರಿದ್ದು ಮುಂದಿನ ವರ್ಷದ ಆಗಸ್ಟ್. ಅಂದರೆ ಒಂದು ಪೈಸೆ ಸಿಗುವ ಮೊದಲೇ ರಷ್ಯಾ ಕೀಲಿಕೈ ಕೊಟ್ಟಿತ್ತು. ಒಪ್ಪಂದದಲ್ಲಿ ಹತ್ತು ತಿಂಗಳ ಗಡುವು ಇತ್ತು, ಅದೂ ದಾಟಿಹೋಗಿತ್ತು. ಹಣ ಮಂಜೂರಾಗಲಿ ಅಂತ ಸಂಸತ್ತಿನ ಕೆಲವರಿಗೆ ಲಂಚ ಹೋಗಿದೆ ಅನ್ನುವ ಗುಮಾನಿ ಎದ್ದು, ಸದನದ ಸಮಿತಿಯೇ ವಿಚಾರಣೆ ನಡೆಸಿತು. ಬಸ್ಸಿನ ಗೈಡ್ ಇದನ್ನಾದರೂ ಹೇಳಬಹುದಿತ್ತು.

ಮೂರನೇ ಕಲಮಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಬಸ್ಸು ನಮ್ಮನ್ನು ಪೇಟೆಯ ಮಧ್ಯೆ ಇಳಿಸಿತು. ಸೊಸೆ ತಂದಿದ್ದ ಚಪಾತಿ, ಚಟ್ನಿಪುಡಿ ತಿಂದೆವು. ಊರೆಲ್ಲ ಮೀನಿನ ಅಡಿಗೆ, ನಮ್ಮಂಥ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಮಳೆ ಅಂತೂ ನಮ್ಮೂರಿನ ಶ್ರಾವಣದ ಹಾಗೆ, ಬಿಟ್ಟು ಬಿಟ್ಟು ಜಿಟಿಜಿಟಿ. ಕೊಡೆಗಿಂತ ಟೊಪ್ಪಿ ಇರುವ ರೈನ್‌ಕೋಟ್ ವಾಸಿ. ಅಲ್ಲಿಂದಾಚೆ ನಾವು ನಡೆದೇ ನೋಡಿದೆವು. ಯಜಮಾನರು ಅಲ್ಲಲ್ಲಿ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ಬಂದರು. ಎಲ್ಲವೂ ಲಿಂಕನ್ ಸ್ಟ್ರೀಟ್ ಅನ್ನುವ ಒಂದೇ ಬೀದಿಯ ಉದ್ದಕ್ಕೆ ಇವೆ, ಏರುತಗ್ಗು ಕಡಿಮೆ.

ರಷ್ಯನ್ ಬಿಷಪ್ ಮನೆಗೆ 5ಕ್ಕೆ 5. ಇದನ್ನು ನೋಡಿಕೊಳ್ಳುವುದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ. ಹಳದಿ ಬಣ್ಣದ ಎರಡಂತಸ್ತಿನ ಮರದ ಮನೆ, ಕಟ್ಟಿ ಮುಗಿದದ್ದು 1843ರಲ್ಲಿ. ಮೇಲಿನ ಅಂತಸ್ತಿನಲ್ಲಿ ಬಿಷಪ್ ಇನ್ನೊಕೆಂಟಿ ಇದ್ದ ಕೋಣೆಗಳು, ಒಂದು ಪುಟ್ಟ ಪ್ರಾರ್ಥನಾ ಮಂದಿರ. ಆತ ಅಲ್ಯೂಟ್ ಜನರ ಭಾಷೆ ಕಲಿತು ಅದಕ್ಕೆ ಲಿಪಿ ಮಾಡಿಕೊಟ್ಟವರು. ಗಡಿಯಾರ ರಿಪೇರಿ, ಮರಗೆಲಸ ಎಲ್ಲ ಗೊತ್ತಿತ್ತಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿಯ ರೇಂಜರ್ ಹೆಣ್ಣುಮಗಳು ಹೇಳಿದ ಒಂದು ವಿಷಯ. ರಷ್ಯನ್ನರು ಬಂದ ಕಡೆಯೆಲ್ಲ 'ರಷ್ಯಾದ ಸ್ವಾಧೀನದ ನೆಲ' ಅಂತ ಅಕ್ಷರ ಕೊರೆದು, ನಂಬರ್ ಹಾಕಿದ ಲೋಹದ ಫಲಕಗಳನ್ನು ನೆಲದಲ್ಲಿ ಹೂಳುತ್ತಿದ್ದರಂತೆ. ಬೇರೆ ದೇಶದವರು ಬಂದು ತಕರಾರು ಮಾಡಿದರೆ ಅಗೆದು ತೋರಿಸುವುದಕ್ಕೆ. ಅಂಥ ಒಂದು ಫಲಕ, 12ನೇ ನಂಬರಿನದು, 1930ರ ದಶಕದಲ್ಲಿ ರಷ್ಯನ್ನರ ಮೊದಲ ಕೋಟೆ ಇದ್ದ ಹಳೇ ಸಿಟ್ಕಾ ಜಾಗವನ್ನು ಅಗೆದಾಗ ಸಿಕ್ಕಿತು.

ನಾನು ಮಗನ ಕೈಲಿ ಎರಡು ಸಲ ಕೇಳಿಸಿದೆ, ಸರಿಯಾಗಿ ಅರ್ಥವಾಯಿತೋ ಇಲ್ಲವೋ ಅಂತ. ನಮ್ಮಲ್ಲಿ ಗಡಿಕಲ್ಲು ನೆಡುವುದು ನಾಲ್ಕು ಜನ ಅಕ್ಕಪಕ್ಕದವರನ್ನು ಕರೆದು, ಅವರ ಎದುರಿಗೆ. ಅದು ಎದ್ದು ಕಾಣಬೇಕು. ಇದು ಮಣ್ಣಿನೊಳಗೆ ಹೂತ ಗಡಿಕಲ್ಲು. ಮೇಲೆ ಮನೆ ಕಟ್ಟಿಕೊಂಡು, ಮೀನು ಹಿಡಿದುಕೊಂಡು ಬದುಕುತ್ತಿದ್ದವರಿಗೆ ತಮ್ಮ ಕಾಲ ಕೆಳಗೆ ಇನ್ನೊಬ್ಬರ ಹಕ್ಕುಪತ್ರ ಇದೆ ಅಂತ ಹೇಗೆ ಗೊತ್ತಾಗಬೇಕು? ಮಾರಿದವನ ಮೂಲಪತ್ರ ಅಂತ ಕೇಳಿದರೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ.

ಆ ರೇಂಜರ್ ಯಾವುದನ್ನೂ ಮುಚ್ಚಿಡಲಿಲ್ಲ. 1867ರಲ್ಲಿ ಇಡೀ ಅಲಾಸ್ಕದಲ್ಲಿ ರಷ್ಯನ್ನರು ಕೆಲವೇ ನೂರು ಜನ. ಸಿಟ್ಕಾದಲ್ಲಿ ಅವರ ವಾಸ ಮರದ ದಿಮ್ಮಿಯ ಬೇಲಿಯೊಳಗೆ, ಬೇಲಿಯಾಚೆ ಟ್ಲಿಂಗಿಟ್ ಹಳ್ಳಿ, ಅದರ ಕಡೆ ಮುಖ ಮಾಡಿದ ಫಿರಂಗಿಗಳು. ಆ ಬೇಲಿಯ ಕಾವಲು ಗೋಪುರದ ಹಾಗೇ ಮತ್ತೆ ಕಟ್ಟಿದ್ದು ಊರಲ್ಲಿ ಈಗಲೂ ಇದೆ, ಹೋಗಿ ನೋಡಿ. ಬೇಲಿಯೊಳಗೆ ಫಿರಂಗಿ ಇಟ್ಟುಕೊಂಡು ಕೂತವರು ಬೇಲಿಯಾಚೆಯ 15 ಲಕ್ಷ ಚದರ ಕಿಲೋಮೀಟರ್ ಮಾರಿದರು.

ಸೇಂಟ್ ಮೈಕಲ್ ಚರ್ಚು ಬೀದಿಯ ನಟ್ಟನಡುವೆ ಇದೆ. 1966ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಬೆಂಕಿ ಬಿದ್ದ ದಿನ ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ದೇವರ ಪಟಗಳನ್ನು ಉಳಿಸಿದರಂತೆ. ಹತ್ತು ನಿಮಿಷ ಸಾಕು.

ಬೀದಿಯ ಇನ್ನೊಂದು ತುದಿಯಲ್ಲಿ ಟೋಟೆಮ್ ಕಂಬಗಳ ಕಾಡು, ಸಿಟ್ಕಾ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ. ಬೆಳಿಗ್ಗೆ ಬಸ್ಸಿನವರು ಇಲ್ಲಿ ಇಪ್ಪತ್ತು ನಿಮಿಷ ಬಿಟ್ಟಿದ್ದರು, ಫೋಟೋ ತೆಗೆಯುವುದರಲ್ಲೇ ಮುಗಿಯಿತು. ಮಧ್ಯಾಹ್ನ ಮತ್ತೆ ಹೋದೆವು. ಎತ್ತರದ ಮರಗಳು, ಮರಗಳ ನಡುವೆ ಕೆತ್ತಿದ ಕಂಬಗಳು, ಪಕ್ಕದಲ್ಲೇ ಕಡಲು. 1804ರಲ್ಲಿ ಇಲ್ಲೇ ಯುದ್ಧ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲು ಟ್ಲಿಂಗಿಟ್ಟರ ಕಿಕ್ಸಾಡಿ ಕುಲದವರು ರಷ್ಯನ್ನರ ಮೊದಲ ಕೋಟೆಯನ್ನು ಸುಟ್ಟಿದ್ದರು. ರಷ್ಯನ್ನರ ಮುಖ್ಯಸ್ಥ ಬರಾನೋವ್ ಸೇಡಿಗೆ ವಾಪಸು ಬಂದ, ಜೊತೆಗೆ 'ನೆವಾ' ಅನ್ನುವ ಯುದ್ಧದ ಹಡಗು. ಕಾಟ್ಲಿಯನ್ ಅನ್ನುವ ವೀರ ಕಾಗೆಯ ತಲೆಯ ಶಿರಸ್ತ್ರಾಣ ತೊಟ್ಟು, ಕಮ್ಮಾರನ ಸುತ್ತಿಗೆ ಹಿಡಿದು ನುಗ್ಗಿದ. ಮದ್ದಿನ ಪುಡಿ ತರುತ್ತಿದ್ದ ದೋಣಿ ನಡುನೀರಿನಲ್ಲಿ ಸಿಡಿದುಹೋಯಿತು. ಆಮೇಲೆ ಅವರು ರಾತ್ರೋರಾತ್ರಿ ಕೋಟೆ ಬಿಟ್ಟು, ಮಕ್ಕಳು ಮುದುಕರನ್ನು ಕಟ್ಟಿಕೊಂಡು ದ್ವೀಪದ ಆಚೆ ಬದಿಗೆ ನಡೆದರು. ಕೋಟೆ ಇದ್ದ ಜಾಗದಲ್ಲಿ ಈಗ ಹುಲ್ಲು ಬಯಲು. 1999ರಲ್ಲಿ ನಿಲ್ಲಿಸಿದ ಕಾಟ್ಲಿಯನ್ ಕಂಬ ಅಲ್ಲಿದೆ. ಯಜಮಾನರು ಟೊಪ್ಪಿ ತೆಗೆದು ಸುಮ್ಮನೆ ನಿಂತರು. ಮೊಮ್ಮಗಳೂ ಮಾತಾಡಲಿಲ್ಲ.

ಆ ಶಿರಸ್ತ್ರಾಣ ಇಂದಿಗೂ ಊರಲ್ಲೇ ಇದೆ. ಉದ್ಯಾನದಿಂದ ವಾಪಸು ಬರುವ ದಾರಿಯಲ್ಲಿ ಶೆಲ್ಡನ್ ಜಾಕ್ಸನ್ ಮ್ಯೂಸಿಯಂ ಸಿಗುತ್ತದೆ, ಎಂಟು ಮೂಲೆಯ ಹಳೇ ಕಾಂಕ್ರೀಟ್ ಕಟ್ಟಡ. ಅದರೊಳಗೆ ಗಾಜಿನ ಹಿಂದೆ ಆ ಕಾಗೆ. ಅಲಾಸ್ಕದ ಬೇರೆ ಬೇರೆ ಮೂಲನಿವಾಸಿಗಳ ಬುಟ್ಟಿ, ದೋಣಿ, ಮುಖವಾಡ, ಬಟ್ಟೆ ಎಲ್ಲ ಇವೆ. ಜಾಗ ಚಿಕ್ಕದು, ಆದರೆ ಅವಸರ ಮಾಡಬೇಡಿ. ಇದಕ್ಕೂ 5ಕ್ಕೆ 5.

ಇನ್ನು ಗುಡ್ಡ. ಅಮೆರಿಕನ್ನರು ಇದನ್ನು ಕ್ಯಾಸಲ್ ಹಿಲ್ ಅನ್ನುತ್ತಾರೆ. ಟ್ಲಿಂಗಿಟ್ ಹೆಸರು 'ನೂ ಟ್ಲೇನ್', ದೊಡ್ಡ ಕೋಟೆ ಅಂತ ಅರ್ಥ. ರಷ್ಯನ್ನರು ಬರುವ ಮೊದಲು ಕಿಕ್ಸಾಡಿಗಳ ಮನೆಗಳು ಇದ್ದದ್ದು ಈ ನೆತ್ತಿಯ ಮೇಲೆ. ಹತ್ತಲು ಮೆಟ್ಟಿಲಿವೆ, ಇನ್ನೊಂದು ಕಡೆಯಿಂದ ಇಳಿಜಾರು ದಾರಿಯೂ ಇದೆ, ಮಂಡಿನೋವಿನವರು ಅಲ್ಲಿಂದ ಹೋಗಿ. ಮೇಲೆ ಕಲ್ಲಿನ ಕಟ್ಟೆ, ಹಳೇ ಫಿರಂಗಿಗಳು, ವಿವರ ಬರೆದ ಫಲಕಗಳು. ಸುತ್ತ ಕಡಲು, ದ್ವೀಪಗಳು. ಮೋಡ ಸರಿದರೆ ಎಜ್‌ಕಂಬ್ ಅನ್ನುವ ಜ್ವಾಲಾಮುಖಿ ಬೆಟ್ಟ ಕಾಣುತ್ತದೆ. ನಮಗೆ ಎರಡು ನಿಮಿಷ ಕಂಡಿತು.

1867ರಲ್ಲಿ ಇಲ್ಲಿ ರಷ್ಯಾದ ಬಾವುಟ ಇಳಿಸುವಾಗ ಅದು ಕಂಬಕ್ಕೆ ಸಿಕ್ಕಿಕೊಂಡು ಬರಲೇ ಇಲ್ಲ. ಒಬ್ಬನನ್ನು ಹಗ್ಗದಲ್ಲಿ ಮೇಲೆತ್ತಿ ಬಿಡಿಸಬೇಕಾಯಿತು. ಬಿಡಿಸಿದ್ದೇ ಅದು ಕೆಳಗೆ ನಿಂತ ಸೈನಿಕರ ಬಂದೂಕಿನ ಮೊನೆಗಳ ಮೇಲೆ ಬಿತ್ತು. ಕೊನೆಯ ರಷ್ಯನ್ ಗವರ್ನರ್ ಮಕ್ಸುತೋವ್‌ನ ಹೆಂಡತಿ ಅತ್ತಳಂತೆ. ಕ್ಯಾಲೆಂಡರ್ ಕೂಡ ಆ ವಾರ ಬದಲಾಯಿತು. ರಷ್ಯಾದ ಹಳೇ ಪಂಚಾಂಗ ಹೋಗಿ ಅಮೆರಿಕದ್ದು ಬಂತು, ದಿನ ಬದಲಾಗುವ ಗೆರೆಯೂ ಸರಿಯಿತು. ಹಾಗಾಗಿ ಇಲ್ಲಿಯವರಿಗೆ ಶುಕ್ರವಾರ ಆದ ಮೇಲೆ ಮತ್ತೆ ಶುಕ್ರವಾರ. ಟ್ಲಿಂಗಿಟ್ ಜನ ಕೆಳಗೆ ನೀರಿನಲ್ಲಿ ದೋಣಿಗಳ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು ಅಂತ ಹೇಳುತ್ತಾರೆ. ಅವರ ಗುಡ್ಡದ ಮೇಲೆ ಇಬ್ಬರು ಹೊರಗಿನವರು ಬಾವುಟ ಬದಲಾಯಿಸಿಕೊಂಡರು.

ಅಲ್ಲಿ ಕಟ್ಟೆಯ ಮೇಲೆ ಕೂತು ಮೂರನೇ ಕಲಮನ್ನು ಮತ್ತೆ ಓದಿದೆ. ಇಲ್ಲಿಯ ನಿವಾಸಿಗಳು ಬೇಕಾದರೆ ಮೂರು ವರ್ಷದೊಳಗೆ ರಷ್ಯಾಕ್ಕೆ ಹೋಗಬಹುದು, ಉಳಿದವರಿಗೆ ಅಮೆರಿಕದ ನಾಗರಿಕರ ಹಕ್ಕು ಸಿಗುತ್ತದೆ. 'ನಾಗರಿಕತೆ ಇಲ್ಲದ ಮೂಲ ಬುಡಕಟ್ಟುಗಳನ್ನು ಬಿಟ್ಟು.' ಅವರಿಗೆ ಅಮೆರಿಕ ಆಗಾಗ ಮಾಡುವ ಕಾನೂನು ಅನ್ವಯ. ಏಳು ಕಲಮಿನ ಪತ್ರದಲ್ಲಿ ನೆಲದ ನಿಜವಾದ ಅನುಭವದಾರರು ಬರುವುದು ಈ ಒಂದು ಕಡೆ, ಅದೂ ಹೊರಗಿಡುವುದಕ್ಕೆ.

ನನಗೆ ಆಗ ನೆನಪಾದದ್ದು ನನ್ನ ಸರ್ವೀಸಿನ ಒಬ್ಬ ಹೆಂಗಸು. ಒಂದು ಜಮೀನಿನ ಕ್ರಯಪತ್ರ ನೋಂದಣಿ ಆಗಿತ್ತು. ಪಹಣಿ ಸರಿ, ಸ್ಟ್ಯಾಂಪು ಸರಿ, ಸಾಕ್ಷಿಗಳು ಸರಿ. ಎರಡು ವಾರಕ್ಕೆ ಆಕೆ ಬಂದು ನನ್ನ ಮೇಜಿನ ಎದುರು ನಿಂತಳು. 'ಅಲ್ಲಿ ನಮ್ಮನೆ ಐತಲ್ರಮ್ಮ' ಅಂದಳು. ಅಷ್ಟೇ ಅಂದದ್ದು. ನೋಂದಣಿ ಅಂದರೆ ಪತ್ರ ದಾಖಲು ಮಾಡುವುದು, ಹಕ್ಕು ಯಾರದ್ದು ಅಂತ ತೀರ್ಮಾನಿಸುವುದು ಕೋರ್ಟು ಅಂತ ನಾನು ಕಾನೂನು ಹೇಳಿ ಕಳಿಸಿದೆ. ನಾನು ಹೇಳಿದ್ದು ಸರಿಯೇ. ಆದರೂ ಆಕೆಯ ಮುಖ ಇಪ್ಪತ್ತು ವರ್ಷ ಆದರೂ ಮರೆತಿಲ್ಲ. ಆ ಗುಡ್ಡದ ಮೇಲೆ ಕೂತಾಗ ಆಕೆ ಕೆಳಗಿನ ದೋಣಿಯಲ್ಲಿ ಕೂತ ಹಾಗೆ ಅನ್ನಿಸಿತು. ಸೊಸೆ 'ಅತ್ತೆ, ಚಳಿ ಆಗ್ತಿದೆಯಾ?' ಅಂತ ಕೇಳಿದಳು. ಇಲ್ಲ ಅಂದೆ.

ಟ್ಲಿಂಗಿಟ್ಟರು ಕೋರ್ಟಿಗೆ ಹೋದರು. ಅವರ ವಾದ ಮೊದಲಿನಿಂದಲೂ ಒಂದೇ: ರಷ್ಯಾಕ್ಕೆ ತನ್ನದಲ್ಲದ್ದನ್ನು ಮಾರಲು ಬರುವುದಿಲ್ಲ. ಕೋರ್ಟಿಗೆ ಹೋಗಲು ಅವರಿಗೆ ಸಂಸತ್ತಿನ ಅನುಮತಿಯೇ ಬೇಕಿತ್ತು, ಅದು ಸಿಕ್ಕಿದ್ದು 1935ರಲ್ಲಿ. 1959ರಲ್ಲಿ, ಸರ್ಕಾರದ ಮೇಲಿನ ದಾವೆ ಕೇಳುವ ಕ್ಲೇಮ್ಸ್ ಕೋರ್ಟು, 1867ರಲ್ಲಿ ಆಗ್ನೇಯ ಅಲಾಸ್ಕದ ನೆಲದ ಮೇಲೆ ಟ್ಲಿಂಗಿಟ್ ಮತ್ತು ಹೈಡಾ ಜನರ ಹಕ್ಕು ಇತ್ತು ಅಂತ ಒಪ್ಪಿತು. 1968ರಲ್ಲಿ ಪರಿಹಾರ ಅಂತ 75 ಲಕ್ಷ ಡಾಲರ್ ಕೊಟ್ಟರು. ಇಡೀ ಅಲಾಸ್ಕಕ್ಕೆ ಕೊಟ್ಟ ಕ್ರಯಕ್ಕಿಂತ ಅದು 3 ಲಕ್ಷ ಜಾಸ್ತಿ, ಆದರೆ ನೂರು ವರ್ಷ ತಡ. 1971ರಲ್ಲಿ ಎಣ್ಣೆಯ ಪೈಪು ಹಾಕುವ ಒತ್ತಡ ಬಂದಾಗ ಅಲಾಸ್ಕದ ಎಲ್ಲ ಮೂಲನಿವಾಸಿಗಳಿಗೆ ಸೇರಿ 4 ಕೋಟಿ 40 ಲಕ್ಷ ಎಕರೆ ನೆಲ ಮತ್ತು 96 ಕೋಟಿ 25 ಲಕ್ಷ ಡಾಲರ್ ಕೊಡುವ ಕಾನೂನು ಆಯಿತು. ಮಾರಾಟವಾದ ಹೊಸದರಲ್ಲಿ ಅಮೆರಿಕದ ನೌಕಾಪಡೆ ಟ್ಲಿಂಗಿಟ್ ಹಳ್ಳಿಗಳನ್ನು ಸುಟ್ಟದ್ದೂ ಉಂಟು. 1869ರಲ್ಲಿ ಕೇಕ್, 1882ರಲ್ಲಿ ಅಂಗೂನ್. ಅಂಗೂನಿನಲ್ಲಿ ಆರು ಮಕ್ಕಳು ಸತ್ತರು ಅಂತ ಊರಿನವರು ಹೇಳುತ್ತಾ ಬಂದಿದ್ದಾರೆ. ಅಮೆರಿಕದ ನೌಕಾಪಡೆ ಈ ಎರಡೂ ಊರುಗಳ ಕ್ಷಮೆ ಕೇಳಿದ್ದು 2024ರಲ್ಲಿ.

ಈಗಲೂ ಪ್ರತಿವರ್ಷ ಅಕ್ಟೋಬರ್ 18ಕ್ಕೆ ಈ ಗುಡ್ಡದ ಮೇಲೆ ಬಾವುಟದ ದೃಶ್ಯವನ್ನು ಮತ್ತೆ ಆಡಿ ತೋರಿಸುತ್ತಾರೆ. ಟ್ಲಿಂಗಿಟ್ ಜನ ಬಂದು ಪ್ರತಿಭಟಿಸುತ್ತಾರೆ. ಅವರಿಗೆ ಅದು ಶೋಕದ ದಿನ. ನಾವು ಹೋದದ್ದು ಜುಲೈನಲ್ಲಿ, ಎರಡೂ ನೋಡಲು ಆಗಲಿಲ್ಲ.

ಗುಡ್ಡಕ್ಕೆ 5ಕ್ಕೆ 4 ಕೊಡುತ್ತೇನೆ. ಫಲಕಗಳಲ್ಲಿ ಕಿಕ್ಸಾಡಿಗಳ ಮಾತು ಇದೆ, ಅದು ಒಳ್ಳೆಯದು. ಒಂದು ಅಂಕ ಕಡಿಮೆ ಯಾಕೆಂದರೆ ಅಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಲು ಯಾರೂ ಇರಲಿಲ್ಲ. ನನ್ನ ಹಾಗೆ ಓದಿಕೊಂಡು ಹೋಗದವರಿಗೆ ಅದು ಒಂದು ಚೆಂದದ ನೋಟವಾಗಿ ಮುಗಿದುಹೋಗುತ್ತದೆ.

ನೀವು ಹೋಗುವುದಾದರೆ ಆ ಬಸ್ ಪ್ರವಾಸದ ದುಡ್ಡು ಉಳಿಸಿ. ಹಡಗಿನಿಂದ ಇಳಿದು ಬಿಟ್ಟಿ ಬಸ್ಸಿನಲ್ಲಿ ಪೇಟೆಗೆ ಬನ್ನಿ. ನಡೆಯಲು ಆಗದವರಿಗೆ ಟ್ಯಾಕ್ಸಿ ಸಿಗುತ್ತದೆ. ಮೊದಲು ಸೀದಾ ಟೋಟೆಮ್ ಕಾಡಿಗೆ ಹೋಗಿ, ಅಲ್ಲಿಂದ ಅದೇ ಬೀದಿಯಲ್ಲಿ ವಾಪಸು ಬರುತ್ತಾ ಮ್ಯೂಸಿಯಂ, ಬಿಷಪ್ ಮನೆ, ಚರ್ಚು, ಗುಡ್ಡ. ನಾವು ಹಿಂದುಮುಂದಾಗಿ ನೋಡಿದೆವು, ನೀವು ಹಾಗೆ ಮಾಡಬೇಡಿ. ಬಿಷಪ್ ಮನೆಯ ಮೇಲಂತಸ್ತಿಗೆ ರೇಂಜರ್ ಜೊತೆಗೇ ಹೋಗಬೇಕು, ಹೊತ್ತು ಮೊದಲೇ ಕೇಳಿಕೊಳ್ಳಿ. ಗುಡ್ಡ ಹತ್ತುವಾಗ ಒಪ್ಪಂದದ ಮೂರನೇ ಕಲಮು ಜೇಬಿನಲ್ಲಿರಲಿ. ಕೆಲವೇ ಸಾಲು, ಮೇಲೆ ಕೂತು ಒಂದು ಸಲ ಓದಿ.